ಹಬೆಯ ಒತ್ತಡವೂ ಅನುಕಲನದ ಲೆಕ್ಕವೂ

ನಮ್ಮ ಶಾಲೆಯನ್ನು ಮುಗಿಸಿ ಪಿ.ಯು. ತರಗತಿಗೆ ಸೇರಿದ ಹುಡುಗಿಯರು ರಜೆಯಲ್ಲಿ ನಮ್ಮನ್ನು ಕಾಣಲು ಬಂದಾಗ ಆಗಾಗ್ಗೆ ಹೇಳುವ ಮಾತೊಂದುಂಟು. "ಅನುಕಲನವೆಂಬ ಗಣಿತವನ್ನು ಕಲಿಯುತ್ತಿದ್ದೇವೆ, ಲೆಕ್ಕವನ್ನು ಮಾಡುತ್ತೇವೆ, ಉತ್ತರವೂ ಸರಿಬರುತ್ತದೆ, ಆದರೆ ಇದು ಲೋಕದಲ್ಲಿ ಯಾವ ಕೆಲಸಕ್ಕೆ ಬರುವುದೆಂಬುದೇ ತಿಳಿಯದು" ಎನ್ನುವರು. ಅವರ ತಂದೆತಾಯಿಗಳಲ್ಲಿ ಕೆಲವರು ಇನ್ನೂ ಮುಂದುವರಿದು, ಹೆಣ್ಣುಮಕ್ಕಳಿಗೆ ಇಷ್ಟು ಗಣಿತವೇಕೆಂದು ಕೇಳುವುದೂ ಉಂಟು. ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವನ್ನು ಕೊಡಬೇಕೆಂದು ಈ ಸಂಚಿಕೆಯಲ್ಲಿ ಒಂದು ಪಾಠವನ್ನು ಬರೆಯುತ್ತಿದ್ದೇವೆ. ಪಾಠದ ವಿಷಯವು ಹಬೆಯ ಒತ್ತಡವನ್ನು ಹತೋಟಿಯಲ್ಲಿಡುವ ಯಂತ್ರ, ಅಂದರೆ ಪ್ರೆಶರ್ ಕಂಟ್ರೋಲರ್. ಅದರಲ್ಲಿಯೂ ವಿಶೇಷವಾಗಿ ಅನುಕಲನಕ್ಕೆ ಸಂಬಂಧಿಸಿದ ಒಂದು ಅಂಕಿಯನ್ನು ಸರಿಯಾಗಿ ಗೊತ್ತುಮಾಡುವ ಕ್ರಮ. ಓದುವವರು ಕಾಗದವನ್ನೂ ಸೀಸದ ಕಡ್ಡಿಯನ್ನೂ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು. ಕೂಡುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಲ್ಲವರಿಗೆ ಈ ಪಾಠವು ಕಷ್ಟವಾಗದು.

1. ಒತ್ತಡವನ್ನು ಏಕೆ ಸ್ಥಿರವಾಗಿಡಬೇಕು

ಅಡುಗೆಮನೆಯ ಕುಕ್ಕರನ್ನು ಬಳಸುವ ಎಲ್ಲರೂ ಬಲ್ಲ ಸಂಗತಿಯಿದು: ಹಬೆಯನ್ನು ಮುಚ್ಚಳದೊಳಗೆ ಅದುಮಿಟ್ಟರೆ ಅದರ ಬಿಸಿಯು ಹೆಚ್ಚುತ್ತದೆ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ವಾಯುವಿನ ಒತ್ತಡದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡವನ್ನು ಹೆಚ್ಚಿಸಿದರೆ ಹಬೆಯ ಉಷ್ಣತೆಯು ಸುಮಾರು 120 ಡಿಗ್ರಿಯಾಗುತ್ತದೆ. 2 ಕಿಲೋಗ್ರಾಂ ಆದರೆ ಸುಮಾರು 133. 3 ಕಿಲೋಗ್ರಾಂ ಆದರೆ ಸುಮಾರು 143. ನೀರಿನೊಡನೆ ಕೂಡಿರುವ ಹಬೆಯಲ್ಲಿ ಒತ್ತಡವೂ ಉಷ್ಣತೆಯೂ ಹೀಗೆ ಜೋಡಿಯಾಗಿಯೇ ನಡೆಯುತ್ತವೆ. ಆದಕಾರಣ ಒತ್ತಡವನ್ನು ಸ್ಥಿರವಾಗಿಡುವುದೆಂದರೆ ಬಿಸಿಯನ್ನು ಸ್ಥಿರವಾಗಿಡುವುದೆಂದೇ ಅರ್ಥ.

ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಬಟ್ಟೆಗಳನ್ನೂ ಹಬೆಯ ಪೆಟ್ಟಿಗೆಯಲ್ಲಿಟ್ಟು ಶುದ್ಧಿಮಾಡುತ್ತಾರೆ. ಕೆಲವು ಸೂಕ್ಷ್ಮಜೀವಿಗಳ ಬೀಜಕಗಳು ಬರಿಯ ಕುದಿಯುವ ನೀರಿನಲ್ಲಿ ಸಾಯವು. ಅವುಗಳ ನಾಶಕ್ಕೆ 121 ಡಿಗ್ರಿಯ ಹಬೆಯಲ್ಲಿ 15 ನಿಮಿಷ, ಇಲ್ಲವೆ 134 ಡಿಗ್ರಿಯಲ್ಲಿ 3 ನಿಮಿಷ ಎಂಬ ನಿಯಮಗಳು ರೂಢಿಯಲ್ಲಿವೆ. ಬಾಯ್ಲರಿನಲ್ಲಿ ಹಬೆಯು ಹೆಚ್ಚಿನ ಒತ್ತಡದಲ್ಲಿ, ಉದಾಹರಣೆಗೆ 7 ಕಿಲೋಗ್ರಾಮಿನಲ್ಲಿ, ಹುಟ್ಟುತ್ತದೆ. ಅದನ್ನು ಒಂದು ವಾಲ್ವಿನ ಮೂಲಕ ಇಳಿಸಿ, 3 ಕಿಲೋಗ್ರಾಮಿನಲ್ಲಿ ಮುಖ್ಯ ಕೊಳವೆಗೆ ಬಿಡುತ್ತಾರೆ. ಆ ಕೊಳವೆಯಿಂದ ಶುದ್ಧೀಕರಣದ ಪೆಟ್ಟಿಗೆಗಳಿಗೂ, ಬಟ್ಟೆ ಒಗೆಯುವ ಯಂತ್ರಗಳಿಗೂ, ಅಡುಗೆಮನೆಗೂ ಕವಲುಗಳು ಹೋಗುತ್ತವೆ. ಕೊಳವೆಯ ಒತ್ತಡವನ್ನು ಅಳೆದು, ಗೊತ್ತುಪಡಿಸಿದ 3ರೊಡನೆ ಹೋಲಿಸಿ, ವಾಲ್ವನ್ನು ಎಷ್ಟು ತೆರೆಯಬೇಕೆಂದು ಕ್ಷಣಕ್ಷಣವೂ ನಿರ್ಣಯಿಸುವುದೇ ಕಂಟ್ರೋಲರಿನ ಕೆಲಸ. ಗೊತ್ತುಪಡಿಸಿದ ಒತ್ತಡಕ್ಕೂ ಇರುವ ಒತ್ತಡಕ್ಕೂ ನಡುವಣ ವ್ಯತ್ಯಾಸವನ್ನು ಈ ಪಾಠದಲ್ಲಿ 'ಅಂತರ'ವೆಂದು ಕರೆಯೋಣ.

2. ಒಂದು ಕಾಗದ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಆಸ್ಪತ್ರೆಯ ಶುದ್ಧೀಕರಣ ವಿಭಾಗದ ಮೇಲ್ವಿಚಾರಕಿಯಾಗಿದ್ದಾಳೆ. ಆಕೆಯು ನಮಗೆ ಬರೆದ ಕಾಗದವೇ ಈ ಪಾಠಕ್ಕೆ ಕಾರಣವಾಯಿತು. ಬೆಳಗಿನ ಹೊತ್ತು ಆಕೆಯ ಪೆಟ್ಟಿಗೆಗಳು ಸರಿಯಾಗಿ ಕೆಲಸ ಮಾಡುತ್ತಿದ್ದುವು. ಮಧ್ಯಾಹ್ನ ಒಗೆಯುವ ವಿಭಾಗದವರು ತಮ್ಮ ಯಂತ್ರಗಳಿಗೆ ಹಬೆಯನ್ನು ತೆರೆದೊಡನೆ ಕೊಳವೆಯ ಒತ್ತಡವು 3ರಿಂದ 2.6ಕ್ಕೆ ಇಳಿಯುತ್ತಿತ್ತು, ಇಳಿದದ್ದು ಸಂಜೆಯವರೆಗೂ ಏಳುತ್ತಿರಲಿಲ್ಲ. ದೂರದ ಪೆಟ್ಟಿಗೆಗೆ ತಲುಪುವಷ್ಟರಲ್ಲಿ ಇನ್ನೂ ಸ್ವಲ್ಪ ಕಡಿಮೆಯಾಗಿ, 134 ಡಿಗ್ರಿಯನ್ನು ಮುಟ್ಟಲು ತಡವಾಗುತ್ತಿತ್ತು. ಪೆಟ್ಟಿಗೆಯು ತಾನಾಗಿಯೇ ಆ ಸರದಿಯನ್ನು ತಿರಸ್ಕರಿಸುತ್ತಿತ್ತು. ಉಪಕರಣಗಳು ಸಿದ್ಧವಾಗದ್ದರಿಂದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗುತ್ತಿದ್ದುವು.

ದೂರು ಬಂದುದು ಒಗೆಯುವ ವಿಭಾಗದ ಹೆಂಗಸರ ಮೇಲೆ. ಅವರು ಹಬೆಯನ್ನು ಮಿತಿಮೀರಿ ಬಳಸುತ್ತಾರೆಂದು ಹೇಳಿ, ಅವರ ಕೆಲಸವನ್ನು ರಾತ್ರಿಯ ಪಾಳಿಗೆ ಹಾಕಲು ಆಜ್ಞೆಯಾಯಿತು. ಅವರಲ್ಲಿ ಕೆಲವರಿಗೆ ಕೈಗೂಸುಗಳಿದ್ದುವು. "ಅಮ್ಮನವರೇ, ತಪ್ಪು ಇವರದೆಂದು ನನಗೆ ತೋರುವುದಿಲ್ಲ, ಆದರೆ ತೋರುವುದಿಲ್ಲವೆಂದರೆ ಸಾಲದು, ತೋರಿಸಿಕೊಡಬೇಕು" ಎಂದು ಆಕೆಯು ಬರೆದಿದ್ದಳು. ಅದನ್ನು ಹೇಗೆ ತೋರಿಸಿಕೊಡಬಹುದೆಂಬುದನ್ನು ಈಗ ನೋಡೋಣ.

3. ಅಂತರಕ್ಕೆ ತಕ್ಕ ತೆರಪು

ಮನೆಯ ಮೇಲಣ ನೀರಿನ ತೊಟ್ಟಿಯಲ್ಲಿ ತೇಲುವ ಗುಂಡಿನ ನಲ್ಲಿಯನ್ನು ನೋಡಿರಿ. ನೀರು ಇಳಿದಷ್ಟೂ ಗುಂಡು ಇಳಿಯುತ್ತದೆ. ಗುಂಡು ಇಳಿದಷ್ಟೂ ನಲ್ಲಿಯು ತೆರೆಯುತ್ತದೆ. ಕೆಳಗೆ ಯಾರೂ ನೀರನ್ನು ಬಳಸದಿದ್ದಾಗ ತೊಟ್ಟಿಯು ಪೂರ್ತಿ ತುಂಬಿ ನಲ್ಲಿಯು ಮುಚ್ಚುತ್ತದೆ. ಆದರೆ ಕೆಳಗೆ ಒಂದು ನಲ್ಲಿಯು ಎಡೆಬಿಡದೆ ಹರಿಯುತ್ತಿದ್ದರೆ, ಅಷ್ಟೇ ನೀರು ಮೇಲಿನಿಂದಲೂ ಬರಬೇಕಷ್ಟೆ. ಬರಬೇಕಾದರೆ ನಲ್ಲಿಯು ತೆರೆದಿರಬೇಕು. ತೆರೆದಿರಬೇಕಾದರೆ ಗುಂಡು ಇಳಿದಿರಬೇಕು. ಗುಂಡು ಇಳಿದಿರಬೇಕಾದರೆ ನೀರಿನ ಮಟ್ಟವು ಕಡಿಮೆಯಾಗಿಯೇ ನಿಲ್ಲಬೇಕು. ಯಾರ ತಪ್ಪೂ ಇಲ್ಲದೆ ತೊಟ್ಟಿಯು ತುಂಬದೆ ಉಳಿಯುತ್ತದೆ.

ಕಂಟ್ರೋಲರಿನ ಮೊದಲನೆಯ ಗುಣವು ಇದೇ. ಇದನ್ನು ಅನುಪಾತದ ಕ್ರಿಯೆಯೆನ್ನುವರು. ಒಂದು ಲೆಕ್ಕವನ್ನು ಮಾಡೋಣ. 0.1 ಕಿಲೋಗ್ರಾಂ ಅಂತರಕ್ಕೆ ವಾಲ್ವು ಶೇಕಡಾ 5ರಷ್ಟು ಹೆಚ್ಚು ತೆರೆಯುವಂತೆ ಗೊತ್ತುಮಾಡಿದೆ ಎಂದಿಟ್ಟುಕೊಳ್ಳಿರಿ. ಬೆಳಗಿನ ಬಳಕೆಗೆ ಶೇಕಡಾ 40 ತೆರಪು ಸಾಕು. ಅದನ್ನು ಮೊದಲೇ ಆಧಾರವಾಗಿ ಇಟ್ಟಿದ್ದಾರೆ. ಆಗ ಅಂತರವು ಸೊನ್ನೆ. ಮಧ್ಯಾಹ್ನ ಒಗೆಯುವ ಯಂತ್ರಗಳು ಕೂಡಿದಾಗ ಶೇಕಡಾ 60 ತೆರಪು ಬೇಕು. ಹೆಚ್ಚಿನ 20 ಎಲ್ಲಿಂದ ಬರಬೇಕು? ಅಂತರದಿಂದಲೇ. 5ಕ್ಕೆ 0.1 ಆದರೆ 20ಕ್ಕೆ 0.4. ಆದಕಾರಣ ಒತ್ತಡವು 3ರಿಂದ 0.4 ಕಡಿಮೆಯಾಗಿ, 2.6ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕೆಳಕ್ಕೆ ಇಳಿಯದು, ಮೇಲಕ್ಕೂ ಏಳದು. ನಮ್ಮ ವಿದ್ಯಾರ್ಥಿನಿಯು ಕಂಡದ್ದು ಇದನ್ನೇ.

ಹಾಗಾದರೆ 0.1ಕ್ಕೆ 5ರ ಬದಲು 50 ತೆರೆಯುವಂತೆ ಮಾಡಬಾರದೇ ಎಂದು ಜಾಣೆಯೊಬ್ಬಳು ಕೇಳಬಹುದು. ಆಗ ಅಂತರವು 0.04ಕ್ಕೆ ಇಳಿಯುವುದೇನೋ ನಿಜ. ಆದರೆ ವಾಲ್ವು ತಿರುಗಲು ಸ್ವಲ್ಪ ಹೊತ್ತು, ಕೊಳವೆಯು ತುಂಬಲು ಸ್ವಲ್ಪ ಹೊತ್ತು, ಅಳೆಯುವ ಉಪಕರಣವು ತಿಳಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಪ ಅಂತರಕ್ಕೆ ಅತಿಯಾಗಿ ತೆರೆದ ವಾಲ್ವು, ಸುದ್ದಿಯು ಬರುವಷ್ಟರಲ್ಲಿ ಒತ್ತಡವನ್ನು ಗುರಿಯಿಂದಾಚೆಗೆ ಒಯ್ದಿರುತ್ತದೆ. ಕೂಡಲೇ ಅತಿಯಾಗಿ ಮುಚ್ಚುತ್ತದೆ. ಒತ್ತಡವು ಉಯ್ಯಾಲೆಯಂತೆ ತೂಗಾಡತೊಡಗುತ್ತದೆ. ಹೀಗಿರುವಲ್ಲಿ ಅನುಪಾತವೊಂದರಿಂದಲೇ ಕೆಲಸವು ಪೂರೈಸದು.

4. ಹಿಂದಿನ ಬಾಕಿಯನ್ನು ಕೂಡಿಸುವ ಕ್ರಿಯೆ

ಹಾಲಿನವಳು ದಿನಕ್ಕೆ ಅರ್ಧ ಪಾವು ಕಡಿಮೆ ಅಳೆಯುತ್ತಾಳೆಂದು ಭಾವಿಸಿರಿ. ಅಂದಂದಿನ ಕೊರತೆಯನ್ನಷ್ಟೇ ನೋಡುವ ಗೃಹಿಣಿಯು ಅದು ಅಲ್ಪವೆಂದು ಸುಮ್ಮನಿರುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಪ್ರತಿದಿನದ ಕೊರತೆಯನ್ನೂ ಕೂಡಿಸುತ್ತ ಹೋಗುವವಳಿಗೆ ತಿಂಗಳ ಕೊನೆಯಲ್ಲಿ ಆ ಮೊತ್ತವು ದೊಡ್ಡದಾಗಿ ಕಾಣುತ್ತದೆ. ಕೊರತೆಯು ನಿಲ್ಲುವ ತನಕ ಮೊತ್ತವು ಬೆಳೆಯುತ್ತಲೇ ಇರುತ್ತದೆ. ಅನುಕಲನವೆಂದರೆ ಈ ಕೂಡಿಸುವಿಕೆಯೇ. ಅಂತರವನ್ನು ಅದು ಇದ್ದ ಕಾಲದಿಂದ ಗುಣಿಸಿ, ಆ ಗುಣಲಬ್ಧಗಳನ್ನೆಲ್ಲ ಕೂಡಿಸಿ, ಬಂದ ಮೊತ್ತಕ್ಕೆ ತಕ್ಕಂತೆ ವಾಲ್ವನ್ನು ಇನ್ನೂ ತೆರೆಯುವುದು ಕಂಟ್ರೋಲರಿನ ಎರಡನೆಯ ಗುಣ. ಅಂತರವು ಎಷ್ಟೇ ಸಣ್ಣದಾಗಿರಲಿ, ಅದು ಇರುವವರೆಗೆ ಮೊತ್ತವು ಬೆಳೆಯುತ್ತದೆ, ವಾಲ್ವು ತೆರೆಯುತ್ತದೆ. ಅಂತರವು ಸೊನ್ನೆಯಾದಾಗ ಮಾತ್ರ ಬೆಳವಣಿಗೆಯು ನಿಲ್ಲುತ್ತದೆ. ಆದರೆ ಕೂಡಿದ ಮೊತ್ತವು ಅಳಿಯದೆ ಉಳಿದು, ವಾಲ್ವನ್ನು ಬೇಕಾದಷ್ಟು ತೆರೆದಿಡುತ್ತದೆ. ತೊಟ್ಟಿಯ ಗುಂಡಿಗೆ ಇಲ್ಲದ ನೆನಪು ಇದಕ್ಕೆ ಉಂಟು.

ಈ ಕ್ರಿಯೆಯು ಎಷ್ಟು ವೇಗವಾಗಿ ನಡೆಯಬೇಕೆಂಬುದನ್ನು ತಿಳಿಸುವ ಅಂಕಿಗೆ ಅನುಕಲನ ಕಾಲವೆಂದು ಹೆಸರು. ಅದರ ಅರ್ಥವಿದು: ಅಂತರವು ಬದಲಾಗದೆ ನಿಂತಿದ್ದರೆ, ಅನುಪಾತದ ಕ್ರಿಯೆಯು ಒಮ್ಮೆಗೇ ಕೊಟ್ಟಷ್ಟು ತೆರಪನ್ನು ಅನುಕಲನವು ಇನ್ನೊಂದಾವರ್ತಿ ಕೊಡಲು ಹಿಡಿಯುವ ಕಾಲ. ಈ ಕಾಲವು 20 ಸೆಕೆಂಡು ಎಂದಿಟ್ಟುಕೊಂಡು, ಮಧ್ಯಾಹ್ನ 2.6ರಲ್ಲಿ ನಿಂತಿರುವ ಕೊಳವೆಯಲ್ಲಿ ಅನುಕಲನವನ್ನು ಆಗತಾನೆ ಆರಂಭಿಸಿದರೆ ಏನಾಗುವುದೆಂದು ಹತ್ತು ಹತ್ತು ಸೆಕೆಂಡುಗಳಿಗೆ ನೋಡೋಣ.

ಆರಂಭದಲ್ಲಿ ಅಂತರ 0.4. ತೆರಪು: ಆಧಾರ 40, ಅನುಪಾತ 20, ಅನುಕಲನ 0, ಒಟ್ಟು 60.
ಮೊದಲನೆಯ 10 ಸೆಕೆಂಡಿನಲ್ಲಿ ಅನುಕಲನವು 20ರಲ್ಲಿ ಅರ್ಧ, ಅಂದರೆ 10ನ್ನು ಕೂಡಿಸುತ್ತದೆ. ಒತ್ತಡವು ಏರಿ ಅಂತರವು 0.3 ಆಯಿತೆನ್ನಿ. ತೆರಪು: 40, 15, 10, ಒಟ್ಟು 65.
ಎರಡನೆಯ 10 ಸೆಕೆಂಡಿನಲ್ಲಿ 15ರ ಅರ್ಧ 7.5 ಕೂಡುತ್ತದೆ. ಅಂತರವು 0.2. ತೆರಪು: 40, 10, 17.5, ಒಟ್ಟು 67.5.
ಮೂರನೆಯದರಲ್ಲಿ 5 ಕೂಡುತ್ತದೆ. ಅಂತರವು 0.1. ತೆರಪು: 40, 5, 22.5, ಒಟ್ಟು 67.5.
ನಾಲ್ಕನೆಯದರಲ್ಲಿ 2.5 ಕೂಡುತ್ತದೆ. ಅಂತರವು 0. ತೆರಪು: 40, 0, 25, ಒಟ್ಟು 65.

ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಟ್ಟು ತೆರಪು ಬೇಕಾದ 60ಕ್ಕಿಂತ ಹೆಚ್ಚಾಗಿದ್ದುದರಿಂದಲೇ ಒತ್ತಡವು ಏರಿತು. ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿರಿ. ಅಂತರವು ಸೊನ್ನೆಯಾಗಿದೆ, ಆದರೆ ತೆರಪು 65. ಹೆಚ್ಚಾದ ಈ 5ರಿಂದ ಒತ್ತಡವು 3ನ್ನು ದಾಟುತ್ತದೆ. ದಾಟಿದ ಮೇಲೆ ಅಂತರವು ಋಣಸಂಖ್ಯೆಯಾಗುತ್ತದೆ. ಅನುಕಲನವು ಕೂಡುವುದಕ್ಕೆ ಬದಲಾಗಿ ಕಳೆಯತೊಡಗಿ, 25ನ್ನು 20ಕ್ಕೆ ಇಳಿಸುತ್ತದೆ. ಹೀಗೆ ಒಂದೆರಡು ಸಾರಿ ಆಚೀಚೆಯಾಗಿ ಒತ್ತಡವು ಸರಿಯಾಗಿ 3ರಲ್ಲಿ ನೆಲೆಗೊಳ್ಳುತ್ತದೆ. ಅನುಕಲನ ಕಾಲವನ್ನು 20ರ ಬದಲು 5 ಸೆಕೆಂಡಿಗೆ ಇಟ್ಟಿದ್ದರೆ, 0.4ರ ಅಂತರವೇ ನಿಂತಲ್ಲಿ ಮೊದಲ 10 ಸೆಕೆಂಡಿನಲ್ಲಿಯೇ 40 ಕೂಡಿ ವಾಲ್ವು ಪೂರ್ತಿ ತೆರೆದುಬಿಡುತ್ತಿತ್ತು. ಬಳಿಕ ಆ ಸಾಲವನ್ನು ತೀರಿಸಲು ಒತ್ತಡವು ಗುರಿಯ ಮೇಲೆ ಬಹಳ ಹೊತ್ತು ಇರಬೇಕಾಗುತ್ತಿತ್ತು. ಕಾಲವನ್ನು 10 ನಿಮಿಷಕ್ಕೆ ಇಟ್ಟಿದ್ದರೆ ಒತ್ತಡವು ತೆವಳುತ್ತ ತೆವಳುತ್ತ ಏರಿ, ಶುದ್ಧೀಕರಣದ ಸರದಿಯು ಮುಗಿದ ಮೇಲೆ ಗುರಿಯನ್ನು ಮುಟ್ಟುತ್ತಿತ್ತು. ಈ ಎರಡರ ನಡುವೆ ತಕ್ಕ ಅಂಕಿಯನ್ನು ಹುಡುಕುವುದೇ ಕಂಟ್ರೋಲರನ್ನು ಹದಗೊಳಿಸುವ ವಿದ್ಯೆ.

5. ಈ ವಿದ್ಯೆಯು ಬೆಳೆದು ಬಂದ ಬಗೆ

ಹಬೆಯಂತ್ರದ ವೇಗವನ್ನು ಕಾಯಲು ಜೇಮ್ಸ್ ವಾಟ್ ಎಂಬಾತನು 1788ರಲ್ಲಿ ತಿರುಗುವ ಎರಡು ಗುಂಡುಗಳ ಸಾಧನವನ್ನು ಅಳವಡಿಸಿದನು. ಅದು ನಮ್ಮ ತೊಟ್ಟಿಯ ಗುಂಡಿನಂತೆಯೇ ಅನುಪಾತದಿಂದ ನಡೆಯುವುದು. ಭಾರವು ಹೆಚ್ಚಿದರೆ ಯಂತ್ರದ ವೇಗವು ಸ್ವಲ್ಪ ತಗ್ಗಿಯೇ ನಿಲ್ಲುತ್ತಿತ್ತು. ವಿದ್ಯುತ್ತು ಮತ್ತು ಅಯಸ್ಕಾಂತಗಳ ಸಿದ್ಧಾಂತದಿಂದ ಪ್ರಸಿದ್ಧನಾದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು 1868ರಲ್ಲಿ ಇಂಥ ಸಾಧನಗಳ ಮೇಲೆ ಒಂದು ಪ್ರಬಂಧವನ್ನು ಬರೆದು, ವೇಗದ ವ್ಯತ್ಯಾಸವನ್ನು ಕಡಿಮೆ ಮಾಡುವವು ಬೇರೆ, ಪೂರ್ತಿಯಾಗಿ ಅಳಿಸುವವು ಬೇರೆ ಎಂದು ವಿಂಗಡಿಸಿ ತೋರಿಸಿದನು. ಅವು ಯಾವಾಗ ತೂಗಾಡುವವೆಂಬುದನ್ನೂ ಗಣಿತದಿಂದ ವಿಚಾರಿಸಿದನು. ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ನಿಕೊಲಸ್ ಮಿನೊರ್ಸ್ಕಿಯು ಹಡಗಿನ ಚುಕ್ಕಾಣಿ ಹಿಡಿಯುವವರ ರೀತಿಯನ್ನು ಲಕ್ಷ್ಯವಿಟ್ಟು ನೋಡಿ, 1922ರಲ್ಲಿ ತನ್ನ ವಿವೇಚನೆಯನ್ನು ಪ್ರಕಟಿಸಿದನು. ಒಳ್ಳೆಯ ಚುಕ್ಕಾಣಿಗಾರನು ಈಗಿನ ಅಂತರವನ್ನೂ, ಹಿಂದಿನಿಂದ ಕೂಡಿಬಂದ ಅಂತರವನ್ನೂ, ಅಂತರವು ಬದಲಾಗುವ ವೇಗವನ್ನೂ ಗಮನಿಸುತ್ತಾನೆಂಬುದೇ ಅದರ ಸಾರ. ಮೂರನೆಯದಾದ ವೇಗದ ಕ್ರಿಯೆಯನ್ನು ಹಬೆಯ ಒತ್ತಡಕ್ಕೆ ಬಳಸುವ ಅಗತ್ಯವು ಸಾಮಾನ್ಯವಾಗಿ ಬೀಳದಿರುವುದರಿಂದ ಅದನ್ನು ಇಲ್ಲಿ ವಿವರಿಸಿಲ್ಲ.

ಮೊದಮೊದಲು ಕಾರ್ಖಾನೆಗಳಲ್ಲಿ ಅನುಪಾತದ ಯಂತ್ರಗಳೇ ಇದ್ದಾಗ, ಉಳಿದ ಅಂತರವನ್ನು ಕೆಲಸಗಾರನು ಕೈಯಿಂದ ಆಧಾರದ ತೆರಪನ್ನು ಬದಲಾಯಿಸಿ ಹೋಗಲಾಡಿಸುತ್ತಿದ್ದನು. ಇದಕ್ಕೆ 'ರಿಸೆಟ್' ಎಂದು ಹೇಳುತ್ತಿದ್ದರು. ಆ ಕೆಲಸವನ್ನು ಯಂತ್ರವೇ ಮಾಡತೊಡಗಿದ ಮೇಲೆಯೂ ಹೆಸರು ಉಳಿಯಿತು. ಇಂದಿಗೂ ಅನೇಕ ಕಂಟ್ರೋಲರುಗಳಲ್ಲಿ ಅನುಕಲನಕ್ಕೆ ರಿಸೆಟ್ ಎಂಬ ಹೆಸರೇ ಇದೆ. 1942ರಲ್ಲಿ ಜೀಗ್ಲರ್ ಮತ್ತು ನಿಕೊಲ್ಸ್ ಎಂಬಿಬ್ಬರು ಅಮೆರಿಕದ ಇಂಜಿನಿಯರರು ಈ ಅಂಕಿಗಳನ್ನು ಗೊತ್ತುಮಾಡುವ ಸುಲಭವಾದ ಸೂತ್ರವನ್ನು ಪ್ರಕಟಿಸಿದರು. ಅನುಕಲನವನ್ನು ನಿಲ್ಲಿಸಿ, ಅನುಪಾತವನ್ನು ಹೆಚ್ಚಿಸುತ್ತ ಹೋಗಿ, ಒತ್ತಡವು ಹೆಚ್ಚದೆ ಕುಗ್ಗದೆ ಒಂದೇ ಸಮನೆ ತೂಗಾಡತೊಡಗಿದಾಗ ಆ ಅನುಪಾತವನ್ನೂ, ಒಂದು ತೂಗಿನ ಕಾಲವನ್ನೂ ಬರೆದುಕೊಳ್ಳಬೇಕು. ಬಳಿಕ ಆ ಅನುಪಾತದ ನೂರಕ್ಕೆ 45 ಪಾಲನ್ನು ಇಟ್ಟು, ತೂಗಿನ ಕಾಲವನ್ನು 1.2ರಿಂದ ಭಾಗಿಸಿ ಅನುಕಲನ ಕಾಲವನ್ನು ಪಡೆಯಬೇಕು. ನಮ್ಮ ಉದಾಹರಣೆಯಲ್ಲಿ 0.1ಕ್ಕೆ ಶೇಕಡಾ 11 ಎಂದಿಟ್ಟಾಗ ಒತ್ತಡವು 24 ಸೆಕೆಂಡಿಗೊಮ್ಮೆ ತೂಗಿದರೆ, ಅನುಪಾತವು ಸುಮಾರು 5, ಅನುಕಲನ ಕಾಲವು 20 ಸೆಕೆಂಡು ಎಂದಾಗುತ್ತದೆ.

6. ಹದಗೊಳಿಸುವ ಕ್ರಮ

ಕೆಲಸದಲ್ಲಿರುವ ಹಬೆಯ ಕೊಳವೆಯನ್ನು ಬೇಕೆಂದೇ ತೂಗಾಡಿಸುವುದು ವಿವೇಕವಲ್ಲ. ಆ ಸೂತ್ರದಿಂದ ಬರುವ ಅಂಕಿಗಳೂ ಸ್ವಲ್ಪ ಚುರುಕಾದವೇ. ಒಂದು ತೂಗಿನ ಏರಿಕೆಯು ಹಿಂದಿನದರ ಕಾಲುಭಾಗವಾಗಿ ಕುಗ್ಗುವಂತೆ ಅವನ್ನು ಗೊತ್ತುಮಾಡಿದ್ದಾರೆ. ಆದಕಾರಣ ಇದಕ್ಕಿಂತ ಸೌಮ್ಯವಾದ ಕ್ರಮವೊಂದನ್ನು ಬರೆಯುತ್ತೇವೆ. ಇದು ತರಬೇತು ಪಡೆದವರ ಕೆಲಸವೆಂಬುದನ್ನು ಮರೆಯಬಾರದು.

ಮೊದಲು, ಶಸ್ತ್ರಚಿಕಿತ್ಸೆಯ ಉಪಕರಣಗಳು ಪೆಟ್ಟಿಗೆಯಲ್ಲಿಲ್ಲದ ಹೊತ್ತನ್ನು ಆರಿಸಿ, ಬಾಯ್ಲರಿನವರಿಗೆ ತಿಳಿಸಬೇಕು. ಈಗಿರುವ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಕೆಲಸವು ಕೆಟ್ಟರೆ ಹಿಂದಕ್ಕೆ ಹೋಗಲು ದಾರಿಯಿರಬೇಕಷ್ಟೆ.

ಎರಡನೆಯದಾಗಿ, ಕಂಟ್ರೋಲರನ್ನು ಕೈಹಿಡಿತಕ್ಕೆ ತಂದು ವಾಲ್ವನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೂ ಕೆಳಕ್ಕೂ ನಡೆಸಿ ನೋಡಬೇಕು. ಹೇಳಿದಷ್ಟು ವಾಲ್ವು ನಡೆಯುತ್ತದೆಯೇ, ಅಥವಾ ಅಂಟಿಕೊಂಡು ನಿಂತು ಆಮೇಲೆ ಹಾರುತ್ತದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಅಂಟುವ ವಾಲ್ವನ್ನು ಯಾವ ಅಂಕಿಯೂ ಸರಿಪಡಿಸದು.

ಮೂರನೆಯದಾಗಿ, ಅನುಕಲನವನ್ನು ನಿಲ್ಲಿಸಿ ಅನುಪಾತವನ್ನು ಹದಗೊಳಿಸಬೇಕು. ಗುರಿಯನ್ನು 0.1ರಷ್ಟು ಬದಲಾಯಿಸಿ, ಒತ್ತಡವು ಚುರುಕಾಗಿ ನಡೆದು, ಒಂದೆರಡು ಸಣ್ಣ ತೂಗುಗಳ ಬಳಿಕ ಶಾಂತವಾಗುವಂಥ ಅನುಪಾತವನ್ನು ಆರಿಸಬೇಕು. ಶಾಂತವಾದಾಗ ಅದು ಗುರಿಯ ಮೇಲೆಯೇ ನಿಲ್ಲದಿದ್ದರೆ ಆಶ್ಚರ್ಯಪಡಬಾರದು. ಅದರ ಕಾರಣವನ್ನು ಮೇಲೆ ಕಲಿತಿದ್ದೇವೆ. ಆ ಸಣ್ಣ ತೂಗಿನ ಕಾಲವನ್ನು ಗಡಿಯಾರದಿಂದ ಅಳೆದಿಟ್ಟುಕೊಳ್ಳಬೇಕು.

ನಾಲ್ಕನೆಯದಾಗಿ, ಅನುಪಾತವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿ, ಅನುಕಲನ ಕಾಲವನ್ನು ತೂಗಿನ ಕಾಲಕ್ಕಿಂತ ಉದ್ದವಾಗಿಟ್ಟು ಆರಂಭಿಸಬೇಕು. ಒತ್ತಡವು ತೆವಳುತ್ತ ಮರಳಿದರೆ ಕಾಲವನ್ನು ಕಡಿಮೆ ಮಾಡಬೇಕು. ಗುರಿಯನ್ನು ಬಹಳವಾಗಿ ದಾಟಿ, ಹಿಂದಿನದಕ್ಕಿಂತ ನಿಧಾನವಾದ ದೊಡ್ಡ ತೂಗುಗಳು ಕಂಡರೆ ಕಾಲವನ್ನು ಹೆಚ್ಚಿಸಬೇಕು. ಒಂದು ಸಾರಿಗೆ ಒಂದೇ ಅಂಕಿಯನ್ನು ಬದಲಾಯಿಸಿ, ಅದರ ಫಲವು ಪೂರ್ತಿ ಕಾಣುವ ತನಕ ಕಾಯಬೇಕು. ಆತುರಗಾರರಿಗೆ ಈ ಕೆಲಸವು ಒಗ್ಗದು.

7. ಮೂರು ಎಚ್ಚರಿಕೆಗಳು

ಒಂದನೆಯದು, ಅಂಕಿಯ ಮಾನ. ಕೆಲವು ಕಂಟ್ರೋಲರುಗಳು ಅನುಕಲನ ಕಾಲವನ್ನು ಸೆಕೆಂಡುಗಳಲ್ಲಿ, ಕೆಲವು ನಿಮಿಷಗಳಲ್ಲಿ ಕೇಳುತ್ತವೆ. ಇನ್ನು ಕೆಲವು, ಒಂದು ನಿಮಿಷದಲ್ಲಿ ಅನುಪಾತದ ತೆರಪನ್ನು ಎಷ್ಟು ಆವರ್ತಿ ಕೊಡಬೇಕೆಂದು ಕೇಳುತ್ತವೆ. 20 ಸೆಕೆಂಡು ಎಂಬುದು ಮೊದಲನೆಯದರಲ್ಲಿ 20, ಎರಡನೆಯದರಲ್ಲಿ 0.33, ಮೂರನೆಯದರಲ್ಲಿ 3. ಮೂರನೆಯ ಬಗೆಯದರಲ್ಲಿ ಅಂಕಿಯು ದೊಡ್ಡದಾದಷ್ಟೂ ಕ್ರಿಯೆಯು ಚುರುಕಾಗುವುದು, ಮಿಕ್ಕವುಗಳಲ್ಲಿ ನಿಧಾನವಾಗುವುದು. ಮಾನವನ್ನು ನೋಡದೆ ಮೂರನೆಯದಕ್ಕೆ 20 ಎಂದು ಬರೆದರೆ ಅನುಕಲನ ಕಾಲವು 3 ಸೆಕೆಂಡಾಗಿ ಹಬೆಯು ತೂಗಾಡತೊಡಗುತ್ತದೆ. ಉತ್ತರದ ಮುಂದೆ ಮಾನವನ್ನು ಬರೆಯದಿದ್ದರೆ ಅಂಕವಿಲ್ಲವೆಂದು ನಮ್ಮ ಶಾಲೆಯಲ್ಲಿ ಹೇಳುವುದು ಸುಮ್ಮನಲ್ಲ.

ಎರಡನೆಯದು, ತೀರದ ಬಾಕಿ. ಬಾಯ್ಲರು ಆರಿರುವಾಗ ಕಂಟ್ರೋಲರನ್ನು ಹಾಗೆಯೇ ಬಿಟ್ಟರೆ, ವಾಲ್ವು ಪೂರ್ತಿ ತೆರೆದಿದ್ದರೂ ಒತ್ತಡವು ಬಾರದು. ಅನುಕಲನವು ರಾತ್ರಿಯೆಲ್ಲ ಬಾಕಿಯನ್ನು ಕೂಡಿಸುತ್ತಲೇ ಇರುವುದು. ಬೆಳಿಗ್ಗೆ ಹಬೆಯು ಬಂದು ಒತ್ತಡವು 3ನ್ನು ದಾಟಿದರೂ, ಆ ದೊಡ್ಡ ಬಾಕಿಯು ತೀರುವ ತನಕ ವಾಲ್ವು ಮುಚ್ಚದು. ಇದನ್ನು ತಡೆಯಲು ಇಂದಿನ ಕಂಟ್ರೋಲರುಗಳಲ್ಲಿ ವಾಲ್ವು ತನ್ನ ಮೇರೆಯನ್ನು ಮುಟ್ಟಿದೊಡನೆ ಕೂಡಿಸುವುದನ್ನು ನಿಲ್ಲಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಅದು ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಕಂಟ್ರೋಲರು ಎಷ್ಟೇ ಒಳ್ಳೆಯದಾಗಿದ್ದರೂ ಸೇಫ್ಟಿ ವಾಲ್ವಿನ ಕೆಲಸವನ್ನು ಅದು ಮಾಡಲಾರದು. ಸೇಫ್ಟಿ ವಾಲ್ವು ಯಾವಾಗಲೂ ಪ್ರತ್ಯೇಕವಾಗಿಯೂ ಸುಸ್ಥಿತಿಯಲ್ಲಿಯೂ ಇರತಕ್ಕದ್ದು.

ಮೂರನೆಯದು, ಅಂಟುವ ವಾಲ್ವು. ವಾಲ್ವಿನ ಕಡ್ಡಿಯ ಸುತ್ತಣ ಗ್ಲ್ಯಾಂಡ್ ಪ್ಯಾಕಿಂಗನ್ನು ಅತಿಯಾಗಿ ಬಿಗಿದರೆ ಕಡ್ಡಿಯು ಅಂಟುತ್ತದೆ. ಅನುಕಲನವು ಮೆಲ್ಲಮೆಲ್ಲನೆ ಒತ್ತಾಯವನ್ನು ಹೆಚ್ಚಿಸುತ್ತ ಹೋಗುವುದು, ಕಡ್ಡಿಯು ಥಟ್ಟನೆ ಹಾರಿ ಗುರಿಯನ್ನು ದಾಟಿಸುವುದು, ಮತ್ತೆ ಅಂಟುವುದು. ಇದು ಮುಗಿಯದ ತೂಗಾಟ. ನೋಡುವವರು ಅನುಕಲನದ್ದೇ ದೋಷವೆಂದು ಬಗೆದು ಅದನ್ನು ನಿಲ್ಲಿಸಿಬಿಡುವುದುಂಟು. ತೂಗಾಟವೇನೋ ನಿಲ್ಲುತ್ತದೆ, ಆದರೆ ಅದರ ಬದಲು ತೀರದ ಅಂತರವು ಬಂದು ಕೂರುತ್ತದೆ.

8. ಕಾಗದಕ್ಕೆ ಬಂದ ಫಲ

ನಮ್ಮ ವಿದ್ಯಾರ್ಥಿನಿಯ ಆಸ್ಪತ್ರೆಯಲ್ಲಿ ಆದುದು ಈ ಮೂರನೆಯದೇ. ಆಕೆಯು ಒಂದು ವಾರದ ಕಾಲ ಪ್ರತಿ ಕಾಲು ಗಂಟೆಗೆ ಒತ್ತಡವನ್ನೂ ವಾಲ್ವಿನ ತೆರಪನ್ನೂ ಬರೆದಿಟ್ಟಳು. ಮಧ್ಯಾಹ್ನದ ಹೊತ್ತು ತೆರಪು ಶೇಕಡಾ 60ನ್ನು ದಾಟುತ್ತಲೇ ಇರಲಿಲ್ಲ. ಇನ್ನೂ 40 ಪಾಲು ತೆರೆಯಲು ಅವಕಾಶವಿರುವಾಗ ಹಬೆಯು ಸಾಲದೆಂದು ಹೇಳುವುದು ಹೇಗೆ? ಒಗೆಯುವವರು ಬಾಯ್ಲರಿನ ಶಕ್ತಿಗೆ ಮೀರಿ ಬಳಸುತ್ತಿದ್ದರೆ ವಾಲ್ವು ಪೂರ್ತಿ ತೆರೆದೂ ಒತ್ತಡವು ಇಳಿಯಬೇಕಾಗಿತ್ತು. ಈ ಒಂದು ಕಾಗದವನ್ನು ಆಕೆಯು ಮೇಲಿನವರ ಮುಂದಿಟ್ಟಾಗ ಉಪಕರಣಗಳ ತಂತ್ರಜ್ಞರನ್ನು ಕರೆಸಿದರು. ಅನುಕಲನವನ್ನು ಹಿಂದೆಂದೋ ನಿಲ್ಲಿಸಿಟ್ಟಿದ್ದುದೂ, ಪ್ಯಾಕಿಂಗು ಬಿಗಿಯಾಗಿದ್ದುದೂ ತಿಳಿದುಬಂತು. ಪ್ಯಾಕಿಂಗನ್ನು ಬದಲಾಯಿಸಿ, ಅನುಪಾತವನ್ನು 0.1ಕ್ಕೆ 4ರಂತೆಯೂ ಅನುಕಲನ ಕಾಲವನ್ನು 30 ಸೆಕೆಂಡಿಗೂ ಇಟ್ಟ ಮೇಲೆ, ಯಂತ್ರಗಳನ್ನು ತೆರೆದಾಗ ಒತ್ತಡವು ಸ್ವಲ್ಪ ಇಳಿದು, ಕೆಲವೇ ನಿಮಿಷಗಳಲ್ಲಿ 3ಕ್ಕೆ ಮರಳುತ್ತಿದೆಯಂತೆ. ರಾತ್ರಿಯ ಪಾಳಿಯ ಆಜ್ಞೆಯನ್ನು ಹಿಂತೆಗೆದುಕೊಂಡರು. ತಾಯಂದಿರು ಸಂಜೆಗೆ ಮಕ್ಕಳ ಬಳಿ ಇರುವಂತಾಯಿತು.

ಹೆಣ್ಣುಮಕ್ಕಳಿಗೆ ಇಷ್ಟು ಗಣಿತವೇಕೆಂದು ಕೇಳುವ ತಂದೆತಾಯಿಗಳು ಇದನ್ನು ಆಲೋಚಿಸಬೇಕೆಂದು ಬೇಡುತ್ತೇವೆ. ಆ ವಿಭಾಗದಲ್ಲಿ ಕನಿಕರವುಳ್ಳವರು ಅನೇಕರಿದ್ದರು. ಕನಿಕರದೊಡನೆ ಒಂದು ಅನುಪಾತದ ಲೆಕ್ಕವನ್ನೂ ಮಾಡಬಲ್ಲವಳು ಒಬ್ಬಳಿದ್ದುದರಿಂದ ನಿರಪರಾಧಿಗಳ ಮೇಲಣ ದೂರು ತೊಲಗಿತು. ಉಪಕರಣಶಾಸ್ತ್ರದ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ತರಗತಿಗಳು ಹುಡುಗಿಯರಿಗೂ ತೆರೆದಿವೆ. ಗಣಿತದಲ್ಲಿ ಆಸಕ್ತಿಯುಳ್ಳ ಮಗಳನ್ನು ಅಲ್ಲಿಗೆ ಕಳುಹಿಸಲು ಹಿಂಜರಿಯಬೇಡಿರಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಕೆಲಸದಲ್ಲಿ ಇಂಥ ಲೆಕ್ಕಗಳನ್ನು ಕಂಡರೆ ನಮಗೆ ಬರೆದು ತಿಳಿಸಿದಲ್ಲಿ, ಮುಂದಿನ ತರಗತಿಗಳಿಗೆ ಅವೇ ಪಾಠಗಳಾಗುವುವು.

ಅಭ್ಯಾಸ

(1) 0.1 ಅಂತರಕ್ಕೆ ಶೇಕಡಾ 4 ತೆರೆಯುವ, ಅನುಕಲನವಿಲ್ಲದ ಕಂಟ್ರೋಲರಿನಲ್ಲಿ ಶೇಕಡಾ 12 ಹೆಚ್ಚು ತೆರಪು ಬೇಕಾದರೆ ಉಳಿಯುವ ಅಂತರವೆಷ್ಟು?

(2) ನಿಮಿಷಕ್ಕೆ 4 ಆವರ್ತಿ ಎಂದಿಟ್ಟರೆ ಅನುಕಲನ ಕಾಲವು ಎಷ್ಟು ಸೆಕೆಂಡು?

(3) 0.1ಕ್ಕೆ ಶೇಕಡಾ 5, ಅನುಕಲನ ಕಾಲ 20 ಸೆಕೆಂಡು, 0.2 ಅಂತರವು 30 ಸೆಕೆಂಡು ಬದಲಾಗದೆ ನಿಂತರೆ ಅನುಕಲನವು ಕೂಡಿಸುವ ತೆರಪೆಷ್ಟು?

ಉತ್ತರಗಳು: (1) 0.3 ಕಿಲೋಗ್ರಾಂ. (2) 15 ಸೆಕೆಂಡು. (3) ಶೇಕಡಾ 15.